ವೈದ್ಯನ ಸಾಲುಗಳನ್ನು ಯಾರು ಹಾಡಬೇಕು?

ರೋಮ್‌ನ ಸರ್ಕಸ್ ಮ್ಯಾಕ್ಸಿಮಸ್ ಒಂದು ಕಾಲಕ್ಕೆ ರಥಗಳ ಪಂದ್ಯ ನಡೆಯುತ್ತಿದ್ದ ಬಯಲು. 2024ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಪಿಂಕ್ ಫ್ಲಾಯ್ಡ್ ರಾಕ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅಲ್ಲಿ ಆರು ರಾತ್ರಿ ಕಛೇರಿ ನಡೆಸಿದರು. ಆಗ ಅವರಿಗೆ 78 ವರ್ಷ. ಮರುವರ್ಷ ಆ ಕಛೇರಿ ಸಿನಿಮಾ ಆಗಿ ಬಂತು, ಆ ಪ್ರವಾಸದ ಧ್ವನಿಮುದ್ರಿಕೆಯೂ ಬಂತು. ರಾಕ್ ಸಂಗೀತ ಕೇಳುವ ಗೆಳೆಯರ ನಡುವೆ ಹಳೆಯ ಜಗಳ ಮತ್ತೆ ಶುರುವಾಯಿತು. ಪಿಂಕ್ ಫ್ಲಾಯ್ಡ್ ಇಲ್ಲದಿದ್ದರೇನು, ಆ ಗಿಟಾರ್ ಇದೆಯಲ್ಲ ಎನ್ನುವವರು ಒಂದು ಕಡೆ. ಗಿಟಾರ್ ಇದ್ದು ಏನು ಬಂತು, ತಂಡವೇ ಇಲ್ಲವಲ್ಲ ಎನ್ನುವವರು ಇನ್ನೊಂದು ಕಡೆ. ಈ ಜಗಳ ನನಗೆ ಬೇಸರ ತರಿಸಿದೆ. ಗಿಲ್ಮೋರ್ ತಂಡದ ಹೊರಗೆ ನಡೆಸಿದ ಕಛೇರಿಗಳನ್ನು ಒಂದರ ಹಿಂದೆ ಒಂದು ಕೇಳಿದವರಿಗೆ ತಿಳಿಯುವುದು ಬೇರೆ. ಆ ವೇದಿಕೆಯ ಮೇಲೆ ಎರಡು ಜಾಗ ಖಾಲಿ ಇದ್ದವು. ಒಂದನ್ನು ಅವರು ಯಾರು ಯಾರಿಗೋ ಬಿಟ್ಟುಕೊಟ್ಟರು. ಇನ್ನೊಂದನ್ನು ಯಾರಿಗೂ ಕೊಡಲಿಲ್ಲ.

ಮೊದಲ ಜಾಗ ತಂಡದ ಹಳೆಯ ಜೊತೆಗಾರ ರೋಜರ್ ವಾಟರ್ಸ್ ಅವರದು. ಅದು ಎದ್ದು ಕಾಣುವುದು ‘ಕಂಫರ್ಟಬ್ಲಿ ನಂಬ್’ ಹಾಡಿನಲ್ಲಿ. ಆ ಹಾಡಿನ ಹುಟ್ಟೇ ಸ್ವಲ್ಪ ವಿಚಿತ್ರ. 1978ರಲ್ಲಿ ಗಿಲ್ಮೋರ್ ತಮ್ಮ ಮೊದಲ ಸ್ವಂತ ಆಲ್ಬಮ್ ಮಾಡುತ್ತಿದ್ದ ದಿನಗಳಲ್ಲಿ ಒಂದು ರಾಗದ ತುಣುಕು ಬಳಕೆಯಾಗದೆ ಉಳಿಯಿತು. ಮುಂದೆ ‘ದಿ ವಾಲ್’ ಆಲ್ಬಮ್‌ಗೆ ವಾಟರ್ಸ್ ಅದಕ್ಕೆ ಮಾತು ಕೂಡಿಸಿದರು. ಹಾಡಿನಲ್ಲಿ ಇಬ್ಬರಿದ್ದಾರೆ. ಕಛೇರಿಗೆ ಮುಂಚೆ ಮರಗಟ್ಟಿ ಕೂತ ಗಾಯಕ ಒಬ್ಬ, ಅವನಿಗೆ ಸೂಜಿ ಚುಚ್ಚಿ ಎಬ್ಬಿಸಿ ಕಳಿಸುವ ವೈದ್ಯ ಇನ್ನೊಬ್ಬ. ವೈದ್ಯನ ಸಾಲುಗಳನ್ನು ಹಾಡುತ್ತಿದ್ದವರು ವಾಟರ್ಸ್. ರೋಗಿಯ ಸಾಲುಗಳೂ ಕೊನೆಯ ಆ ದೀರ್ಘ ಗಿಟಾರ್ ಭಾಗವೂ ಗಿಲ್ಮೋರ್ ಅವರವು. 1980–81ರ ಪ್ರದರ್ಶನಗಳಲ್ಲಿ ವೇದಿಕೆಗೆ ಅಡ್ಡಲಾಗಿ ಕಟ್ಟಿದ ಗೋಡೆಯ ತುದಿಯಲ್ಲಿ ನಿಂತು ಅವರು ಅದನ್ನು ನುಡಿಸುತ್ತಿದ್ದರು. ಆಮೇಲೆ ವಾಟರ್ಸ್ ತಂಡ ಬಿಟ್ಟರು, ಮಾತು ಕೋರ್ಟಿನ ಬಾಗಿಲವರೆಗೂ ಹೋಯಿತು. ಹಾಡು ಮಾತ್ರ ಇಬ್ಬರ ಬಳಿಯೂ ಉಳಿಯಿತು, ಅರ್ಧರ್ಧವಾಗಿ. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮವರು ಕೇಳಿದ್ದು ಆ ಇನ್ನೊಂದು ಅರ್ಧವನ್ನು. ವೈದ್ಯ ಅಸಲಿ, ಗಿಟಾರ್ ಬೇರೆಯವರದು.

ತಂಡದ ಹೊರಗಿನ ಮೊದಲ ದೊಡ್ಡ ಪ್ರವಾಸ 1984ರದು, ‘ಅಬೌಟ್ ಫೇಸ್’ ಆಲ್ಬಮ್‌ನ ಬೆನ್ನಿಗೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನ ಚಿತ್ರೀಕರಣ ಇದೆ, ನುಡಿಸಾಣಿಕೆ ಅಚ್ಚುಕಟ್ಟಾಗಿದೆ, ಅಷ್ಟೆ. ಆದರೆ ಆ ವರ್ಷ ಅವರಿಗೆ ಒಂದು ಮಾರುಕಟ್ಟೆಯ ಸತ್ಯ ತಿಳಿದಿರಬೇಕು. ಪಿಂಕ್ ಫ್ಲಾಯ್ಡ್ ಆಲ್ಬಮ್‌ಗಳ ಮುಖಪುಟದಲ್ಲಿ ಜನ ನೋಡಿದ್ದು ಹಸುವನ್ನು, ಬೆಳಕು ಒಡೆಯುವ ಗಾಜಿನ ಪಟ್ಟಕವನ್ನು, ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ತೇಲುವ ಹಂದಿಯನ್ನು. ನುಡಿಸುವವರ ಮುಖ ತಿಳಿದವರು ಕಡಿಮೆ. ತಂಡದ ಹೆಸರಿಗೆ ಕ್ರೀಡಾಂಗಣ ತುಂಬುತ್ತಿತ್ತು, ಗಿಲ್ಮೋರ್ ಎಂಬ ಹೆಸರಿಗೆ ಸಿಕ್ಕಿದ್ದು ನಾಟಕಮಂದಿರ.

ಆ ಚಿಕ್ಕ ಜಾಗದಲ್ಲಿ ಏನು ಮಾಡಬಹುದೆಂದು ಅವರು ಕಂಡುಕೊಂಡದ್ದು ಹದಿನೇಳು ವರ್ಷಗಳ ನಂತರ. 2001ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನಡೆದ ಮೆಲ್ಟ್‌ಡೌನ್ ಉತ್ಸವಕ್ಕೆ ರಾಬರ್ಟ್ ವಯಟ್ ಸಂಯೋಜಕರು. ಅವರ ಕರೆಗೆ ಗಿಲ್ಮೋರ್ ಹೋದರು. ಲೇಸರ್ ಇಲ್ಲ, ಗಾಳಿ ತುಂಬಿದ ಹಂದಿ ಇಲ್ಲ. ಒಂದು ಚೆಲೊ, ಒಂದು ಡಬಲ್ ಬಾಸ್, ಒಂದು ಗಾಸ್ಪೆಲ್ ಗಾಯಕವೃಂದ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಆಲ್ಬಮ್‌ನಲ್ಲಿ ಕೀಬೋರ್ಡುಗಳ ಮಂಜಿನಿಂದ ಮೆಲ್ಲಗೆ ಮೂಡಿಬರುವ ಹಾಡು. ಇಲ್ಲಿ ಅದರ ಆರಂಭವನ್ನು ಅಕೌಸ್ಟಿಕ್ ಗಿಟಾರ್ ಒಂದೇ ಹೊತ್ತಿತು. ಸುಮ್ಮನೆ ತೆಳುವಾಗಿಸಿದ ಆವೃತ್ತಿಯೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಗಿಲ್ಮೋರ್ ನುಡಿಸುವುದು ಕಡಿಮೆ ಸ್ವರ. ತಂತಿಯನ್ನು ಬೆರಳಲ್ಲಿ ತಳ್ಳಿ, ಒಂದು ಸ್ವರವನ್ನು ಇನ್ನೊಂದರವರೆಗೆ ಜಾರಿಸಿ, ಅಲ್ಲಿ ಅದನ್ನು ನಡುಗಿಸಿ ನಿಲ್ಲಿಸುವುದೇ ಅವರ ಕಸುಬು. ದೊಡ್ಡ ಸದ್ದನ್ನು ಬದಿಗಿಟ್ಟಾಗ ಆ ಕಸುಬು ಬರಿಗಿವಿಗೆ ಸಿಕ್ಕಿತು. ನಡುವೆ ಬಿಜೆಯ ಒಪೆರಾ ‘ದಿ ಪರ್ಲ್ ಫಿಶರ್ಸ್’ನ ಒಂದು ಹಾಡನ್ನು ಫ್ರೆಂಚ್‌ನಲ್ಲೇ ಹಾಡಿದರು. ತಂಡದ ವೇದಿಕೆಯಲ್ಲಿ ಇದು ನಡೆಯುತ್ತಿತ್ತೇ? ನಡೆಯುತ್ತಿರಲಿಲ್ಲ.

ಅಲ್ಲಿ, ಮತ್ತು 2002ರ ಜನವರಿಯಲ್ಲಿ ಅದೇ ಸಭಾಂಗಣದಲ್ಲಿ ನಡೆದ ಮುಂದುವರಿಕೆಯಲ್ಲಿ, ವೈದ್ಯನ ಸಾಲುಗಳು ಕೈ ಬದಲಾಯಿಸತೊಡಗಿದವು. ವಯಟ್ ಹಾಡಿದರು. ಅವರದು ಒಡೆದ, ಮಗುವಿನಂಥ ದನಿ. ಆ ಬಾಯಲ್ಲಿ ವೈದ್ಯನೇ ರೋಗಿಗಿಂತ ದುರ್ಬಲ ಎನಿಸುತ್ತದೆ. ಬಾಬ್ ಗೆಲ್ಡಾಫ್ ಹಾಡಿದರು. 1982ರ ‘ದಿ ವಾಲ್’ ಸಿನಿಮಾದಲ್ಲಿ ಸೂಜಿ ಚುಚ್ಚಿಸಿಕೊಂಡ ಗಾಯಕನ ಪಾತ್ರ ಅವರದೇ, ಇಲ್ಲಿ ವೈದ್ಯನಾದರು! ಹದಿಹರೆಯದಲ್ಲೇ ಗಿಲ್ಮೋರ್ ಗುರುತಿಸಿ ಬೆಂಬಲಿಸಿದ್ದ ಕೇಟ್ ಬುಷ್ ಹಾಡಿದರು. 2006ರ ಮೇ 29ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದವರು ಡೇವಿಡ್ ಬೋವಿ. ಬ್ರಿಟನ್ನಿನ ವೇದಿಕೆಯಲ್ಲಿ ಬೋವಿ ಮತ್ತೆ ಹಾಡಲಿಲ್ಲ. 2016ರಲ್ಲಿ ಅದೇ ಸಭಾಂಗಣಕ್ಕೆ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಬಂದು ಹಾಡಿಹೋದರು. ಸುಮಾರಾಗಿತ್ತು. ಆದರೆ ಹಾಡು ಕುಸಿಯಲಿಲ್ಲ, ಅದೇ ಗಮನಿಸಬೇಕಾದ ಸಂಗತಿ. ವಾಟರ್ಸ್ ಬರೆದದ್ದು ಒಂದು ಪಾತ್ರವನ್ನು. ಪಾತ್ರವೆಂದಮೇಲೆ ಯಾರು ಬೇಕಾದರೂ ಬಣ್ಣ ಹಚ್ಚಿಕೊಳ್ಳಬಹುದು. ಅಸಲಿ ವೈದ್ಯ ಅಸಲಿ ಗಿಟಾರನ್ನು ಮತ್ತೆ ಕರೆದದ್ದೂ ಉಂಟು. 2011ರ ಮೇ 12ರಂದು ಲಂಡನ್ನಿನ ಓ2 ಅರೀನಾದಲ್ಲಿ ವಾಟರ್ಸ್ ಅವರ ‘ದಿ ವಾಲ್’ ಪ್ರದರ್ಶನ ನಡೆಯುತ್ತಿದ್ದಾಗ ಗಿಲ್ಮೋರ್ ಗೋಡೆಯ ತುದಿಯಲ್ಲಿ ಕಾಣಿಸಿಕೊಂಡರು. ಅದರ ಹಿಂದಿನ ವರ್ಷದ ಒಂದು ಸಹಾಯಾರ್ಥ ಕಛೇರಿಯಲ್ಲಿ, ತಾನು ಕೇಳಿದ ಹಳೆಯ ಹಾಡೊಂದನ್ನು ವಾಟರ್ಸ್ ತನ್ನೊಡನೆ ಹಾಡಿದರೆ ಬರುತ್ತೇನೆಂದು ಆಡಿದ ಮಾತಿಗೆ ಕೊಟ್ಟ ಬೆಲೆ ಅದು. ವ್ಯಾಪಾರ ಸರಿಹೋಯಿತು, ಸ್ನೇಹ ಸರಿಹೋಯಿತು ಅಂತ ಮಾತ್ರ ಹೇಳಲಾರೆ.

ಎರಡನೆಯ ಜಾಗ ರಿಚರ್ಡ್ ರೈಟ್ ಅವರದು. ತಂಡದ ಕೀಬೋರ್ಡ್ ವಾದಕ, ಮಿತಭಾಷಿ. ‘ದಿ ವಾಲ್’ ತಯಾರಾಗುವಾಗಲೇ ಅವರನ್ನು ತಂಡದಿಂದ ಹೊರಗೆ ಹಾಕಿದ್ದರು. ಆ ಪ್ರದರ್ಶನಗಳಲ್ಲಿ ಸಂಬಳಕ್ಕೆ ನುಡಿಸಿದರು. ಪ್ರದರ್ಶನ ನಷ್ಟದಲ್ಲಿ ಮುಗಿದಾಗ ಕೈಯಲ್ಲಿ ಕಾಸು ಉಳಿಸಿಕೊಂಡವರು ಅವರೊಬ್ಬರೇ ಎಂಬುದು ರಾಕ್ ಇತಿಹಾಸದ ತಮಾಷೆಗಳಲ್ಲಿ ಒಂದು. 2005ರ ಲೈವ್ 8ರಲ್ಲಿ ನಾಲ್ವರೂ ಒಂದಾಗಿ ನುಡಿಸಿದ ಮೇಲೆ ತಂಡ ಮತ್ತೆ ಪ್ರವಾಸ ಹೊರಡಬೇಕೆಂದು ಎಲ್ಲೆಡೆ ಒತ್ತಾಯ. ಗಿಲ್ಮೋರ್ ಅದಕ್ಕೆ ಕಿವಿಗೊಡದೆ, 2006ರ ಮಾರ್ಚ್ 6ರಂದು, ತಮ್ಮ 60ನೇ ಹುಟ್ಟುಹಬ್ಬದ ದಿನ, ‘ಆನ್ ಆ್ಯನ್ ಐಲ್ಯಾಂಡ್’ ತಂದರು. ಪ್ರವಾಸಕ್ಕೆ ರೈಟ್ ಅವರನ್ನು ಜೊತೆಗೆ ಕರೆದುಕೊಂಡರು. ವಾದಕರ ಪರಿಚಯ ಹೇಳುವಾಗ ಚಪ್ಪಾಳೆ ನಿಲ್ಲದೆ ಬೀಳುತ್ತಿದ್ದದ್ದು ರೈಟ್ ಹೆಸರಿಗೆ.

ಆ ಪ್ರವಾಸದಲ್ಲಿ ‘ಎಕೋಸ್’ ಮರಳಿ ಬಂತು. 1971ರ ‘ಮೆಡಲ್’ ಆಲ್ಬಮ್‌ನ ಒಂದು ಪೂರ್ತಿ ಬದಿಯನ್ನು ಆವರಿಸಿದ, ಇಪ್ಪತ್ತಮೂರು ನಿಮಿಷಕ್ಕೂ ಮಿಕ್ಕಿದ ರಚನೆ. ತಿರುಗುವ ಲೆಸ್ಲಿ ಸ್ಪೀಕರ್‌ನ ಮೂಲಕ ಹಾಯಿಸಿದ ಪಿಯಾನೊದ ಒಂಟಿ ಸ್ವರದಿಂದ ಶುರು, ಆ ಸ್ವರ ರೈಟ್ ಅವರದು. ಹಾಡುವಾಗ ಇಬ್ಬರ ದನಿ ಎಷ್ಟು ಹತ್ತಿರವೆಂದರೆ ಯಾವುದು ಯಾರದೆಂದು ಬಿಡಿಸುವುದು ಕಷ್ಟ. 2006ರ ಆಗಸ್ಟ್ 26ರಂದು ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ, ಸಾಲಿಡಾರಿಟಿ ಚಳವಳಿಯ ಹುಟ್ಟೂರಿನಲ್ಲಿ, ಅದರ ವಾರ್ಷಿಕೋತ್ಸವಕ್ಕೆ ಸುಮಾರು 50,000 ಜನರ ಮುಂದೆ ಇದನ್ನು ನುಡಿಸಿದರು. ಕೆಲವು ಹಾಡುಗಳಿಗೆ ಬಾಲ್ಟಿಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವೂ ಇತ್ತು. ನಿರ್ದೇಶಿಸಿದವರು ಕೀಸ್ಲೋವ್‌ಸ್ಕಿಯ ಸಿನಿಮಾಗಳಿಗೆ ಸಂಗೀತ ಕೊಟ್ಟ ಜ್ಬಿಗ್ನ್ಯೆವ್ ಪ್ರೈಸ್ನರ್. ಆದರೆ ನಾನು ಆ ಮುದ್ರಿಕೆಗೆ ಮತ್ತೆ ಮತ್ತೆ ಹೋಗುವುದು ವಾದ್ಯವೃಂದಕ್ಕಲ್ಲ. ‘ಎಕೋಸ್’ ನಡುವೆ ಗಿಟಾರ್ ಒಂದು ಮಾತು ಎಸೆಯುತ್ತದೆ, ಆರ್ಗನ್ ಅದನ್ನು ಹಿಡಿದು ತಿರುಚಿ ವಾಪಸು ಕೊಡುತ್ತದೆ. ಜುಗಲ್‌ಬಂದಿಯ ಸವಾಲ್–ಜವಾಬ್ ಕೇಳಿ ಪಳಗಿದ ಕಿವಿಗೆ ಇದು ತಟ್ಟನೆ ಹತ್ತಿರವಾಗುತ್ತದೆ, ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ಗೆಲ್ಲುವ ಆತುರ ಇಬ್ಬರಿಗೂ ಇಲ್ಲ. 2008ರ ಸೆಪ್ಟೆಂಬರ್ 15ರಂದು ರೈಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ‘ಲೈವ್ ಇನ್ ಗ್ದಾನ್ಸ್ಕ್’ ಹೊರಬಂದದ್ದು ಅದಾದ ಒಂದು ವಾರಕ್ಕೆ.

2016ರ ಜುಲೈ 7 ಮತ್ತು 8ರಂದು ಗಿಲ್ಮೋರ್ ಪಾಂಪೆಯ ಪುರಾತನ ರಂಗಸ್ಥಳಕ್ಕೆ ಹೋದರು. 1971ರ ಅಕ್ಟೋಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ಅಲ್ಲೇ, ಪ್ರೇಕ್ಷಕರಿಲ್ಲದೆ, ಕ್ಯಾಮೆರಾಗಳ ಮುಂದೆ ನುಡಿಸಿತ್ತು. ಈ ಸಲ ಜನರಿದ್ದರು, ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದ ಮೇಲೆ ಆ ಮೆಟ್ಟಿಲುಗಳ ನಡುವೆ ಪ್ರದರ್ಶನಕ್ಕೆ ಸೇರಿದ ಮೊದಲ ಪ್ರೇಕ್ಷಕರೆಂದು ಪ್ರಚಾರವಾಯಿತು. 1971ರಲ್ಲಿ ಚಿತ್ರಿಸಿದ ಆ ಸಿನಿಮಾ ಶುರುವಾಗುವುದೂ ಮುಗಿಯುವುದೂ ‘ಎಕೋಸ್’ನಿಂದ. ಹಾಗಾಗಿ ಎಲ್ಲರೂ ಕಾದರು. ಗಿಲ್ಮೋರ್ ನುಡಿಸಲಿಲ್ಲ. ಹಳೆಯ ಚಿತ್ರದಿಂದ ಆರಿಸಿಕೊಂಡದ್ದು ‘ಒನ್ ಆಫ್ ದೀಸ್ ಡೇಸ್’ ಒಂದನ್ನೇ. ಅಲ್ಲಿ ‘ಎಕೋಸ್’ ನುಡಿಸಿದರೆ ಚೆನ್ನಾಗಿರುತ್ತದೆ ನಿಜ, ಆದರೆ ರಿಕ್ ರೈಟ್ ಇಲ್ಲದೆ ಅದನ್ನು ಮಾಡಲಾರೆ ಎಂಬರ್ಥದ ಮಾತನ್ನು ಅವರೇ ಹೇಳಿದ್ದರು. ಆ ರಾತ್ರಿ ಪಕ್ಕದಲ್ಲಿ ಕೂತಿದ್ದವರು ಸಾಮಾನ್ಯರಲ್ಲ, ಒಬ್ಬರು ರೋಲಿಂಗ್ ಸ್ಟೋನ್ಸ್ ಜೊತೆ ದಶಕಗಳು ನುಡಿಸಿದ ಚಕ್ ಲೆವೆಲ್. ಸ್ವರಗಳನ್ನು ಕಲಿತು ಒಪ್ಪಿಸುವುದು ಅವರಿಗೆ ಏನೂ ಕಷ್ಟವಿರಲಿಲ್ಲ.

ಇಲ್ಲಿ ನನ್ನದೊಂದು ತಕರಾರೂ ಇದೆ. ಇಷ್ಟು ಕಟ್ಟುನಿಟ್ಟು ಇರುವ ಮನುಷ್ಯ 2015–16ರ ಪ್ರವಾಸಕ್ಕೆ ತಂಡದ ಕಾಲದ ದೊಡ್ಡ ವೃತ್ತಾಕಾರದ ಪರದೆಯನ್ನು, ಲೇಸರುಗಳನ್ನು ಮತ್ತೆ ಹೊತ್ತು ತಂದರು. 2001ರ ಬರಿಯ ವೇದಿಕೆಯ ಧೈರ್ಯ ಅಲ್ಲಿ ಕಾಣಲಿಲ್ಲ. ಟಿಕೆಟ್ ಕೊಂಡವರು ಹಳೆಯ ಬೆಳಕನ್ನೂ ಕೇಳುತ್ತಾರೆ, ಇರಲಿ.

2024ರ ‘ಲಕ್ ಆ್ಯಂಡ್ ಸ್ಟ್ರೇಂಜ್’ ಹೊತ್ತಿಗೆ ಅವರು ಜೊತೆಗಾರರಲ್ಲಿ ಹೆಚ್ಚಿನವರನ್ನು ಬದಲಿಸಿದ್ದರು. ನಿರ್ಮಾಪಕ ಚಾರ್ಲಿ ಆಂಡ್ರೂಗೆ ಪಿಂಕ್ ಫ್ಲಾಯ್ಡ್ ಮೇಲೆ ವಿಶೇಷ ಭಕ್ತಿ ಇರಲಿಲ್ಲ; ಪ್ರತಿ ಹಾಡಿನಲ್ಲೂ ಗಿಟಾರ್ ಸೋಲೊ ಯಾಕೆ ಬೇಕೆಂದು ಗಿಲ್ಮೋರ್ ಅವರನ್ನೇ ಕೇಳಿದ ಧೀರ. ವೇದಿಕೆಯಲ್ಲಿ ಮಗಳು ರೋಮನಿ ಹಾರ್ಪ್ ನುಡಿಸುತ್ತ ‘ಬಿಟ್ವೀನ್ ಟು ಪಾಯಿಂಟ್ಸ್’ ಹಾಡುತ್ತಾರೆ, ಅಪ್ಪ ತನ್ನ ಗಿಟಾರ್ ಭಾಗ ಬರುವವರೆಗೆ ಕಾಯುತ್ತಾರೆ. ರೈಟ್ ಅವರ ರಾಗವೆಂದೇ ಜನ ಎಣಿಸುವ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಯನ್ನು ಪಿಯಾನೊದ ಸುತ್ತ ಸೇರಿದ ಹೆಣ್ಣುದನಿಗಳಿಗೆ ಒಪ್ಪಿಸಿದರು. ಆಲ್ಬಮ್‌ನ ಶೀರ್ಷಿಕೆ ಹಾಡನ್ನು ಕಟ್ಟಿದ್ದು 2007ರಲ್ಲಿ ತಮ್ಮ ತೋಟದ ಕಣಜದಲ್ಲಿ ರೈಟ್ ಜೊತೆ ಸುಮ್ಮನೆ ನುಡಿಸಿ ಮುದ್ರಿಸಿಕೊಂಡಿದ್ದ ತುಣುಕಿನ ಮೇಲೆ. ಆಲ್ಬಮ್‌ನಲ್ಲಿ ಕೇಳುವ ಕೀಬೋರ್ಡ್ ತೀರಿಕೊಂಡವರದು, ಕಛೇರಿಯಲ್ಲಿ ಅದನ್ನು ಬದುಕಿರುವವರು ನುಡಿಸಬೇಕಾಯಿತು, ನುಡಿಸಿದರು. ಅಷ್ಟರಮಟ್ಟಿಗೆ ಅವರು ಆ ಜಾಗದ ಬಾಗಿಲನ್ನು ತೆರೆದಿದ್ದಾರೆ. ಸರ್ಕಸ್ ಮ್ಯಾಕ್ಸಿಮಸ್‌ನ ಹಾಡುಗಳ ಪಟ್ಟಿಯಲ್ಲಿ ‘ಕಂಫರ್ಟಬ್ಲಿ ನಂಬ್’ ಎಂದಿನಂತೆ ಕೊನೆಗೆ ಇದೆ. ‘ಎಕೋಸ್’ ಇಲ್ಲ, ಇನ್ನು ಬರುತ್ತದೆಂದು ನಾನಂತೂ ಕಾಯುತ್ತಿಲ್ಲ.