ಹಕ್ಕಿಗೆ ಕೊಡುವ ನಾರು ಯಾವುದು?

ಪ್ರತಿ ವರ್ಷ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಬರುತ್ತದೆ. 2010ರಲ್ಲಿ ಆರಂಭವಾದ ಈ ಆಚರಣೆಯೊಡನೆ ಒಂದು ವಾಡಿಕೆಯೂ ಬೆಳೆದಿದೆ. ಮನೆಯಲ್ಲಿ ಉಳಿದ ದಾರ, ಬಟ್ಟೆಯ ಚೂರು, ಹತ್ತಿ, ಕೂದಲು ಮುಂತಾದವನ್ನು ಹಿತ್ತಲಿನ ಕೊಂಬೆಗೆ ಸಿಕ್ಕಿಸಿ, ಗೂಡು ಕಟ್ಟುವ ಹಕ್ಕಿಗಳಿಗೆ ಒದಗಿಸುವುದೇ ಆ ವಾಡಿಕೆ. ಇದರ ಹಿಂದಿರುವ ಕರುಣೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಕರುಣೆಯೊಂದೇ ಸಾಲದು. ಕೊಡುವ ವಸ್ತು ಯಾವುದೆಂಬ ವಿವೇಚನೆಯೂ ಬೇಕು.

ಹಿಂದಿನ ತಲೆಮಾರುಗಳಿಗೆ ಈ ವಿವೇಚನೆಯ ಅಗತ್ಯವಿರಲಿಲ್ಲ. ಹಳೇಬೀಡು, ಅರಸೀಕೆರೆ ಸೀಮೆಯ ಮನೆಗಳಲ್ಲಿ ಕಸವೆಂದರೆ ತೆಂಗಿನ ನಾರು, ರಾಗಿ ಹುಲ್ಲು, ಕತ್ತಾಳೆ ಹಗ್ಗದ ತುಂಡು, ಹತ್ತಿ ಬಟ್ಟೆಯ ಚಿಂದಿ, ಕಂಬಳಿಯ ಉಣ್ಣೆ. ಎಲ್ಲವೂ ಮಣ್ಣಿನಿಂದ ಬಂದು ಮಣ್ಣಿಗೇ ಸೇರುವಂಥವು. ಯಾರೂ ಕರೆದು ಕೊಡದಿದ್ದರೂ ಹಕ್ಕಿಗಳು ತಮಗೆ ಬೇಕಾದುದನ್ನು ಅಂಗಳದಿಂದ ಹೆಕ್ಕಿಕೊಂಡು ಹೋಗುತ್ತಿದ್ದವು. ಇಂದು ದನ ಕಟ್ಟುವುದು ನೈಲಾನ್ ಹಗ್ಗದಲ್ಲಿ; ಬಟ್ಟೆ ಹೊಲಿಯುವುದು ಪಾಲಿಯೆಸ್ಟರ್ ದಾರದಲ್ಲಿ. ಖಾಲಿಯಾದ ಗೊಬ್ಬರದ ಚೀಲ ಬಿಸಿಲಿಗೆ ಸವೆದು, ಬಿಳಿಯ ಎಳೆಎಳೆಯಾಗಿ ಬಿಚ್ಚಿಕೊಂಡು ಬೇಲಿಗೆ ತಗುಲಿಕೊಳ್ಳುತ್ತದೆ. ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತಾದರೂ, ಗೊಬ್ಬರದ ಚೀಲ, ನೈಲಾನ್ ಹಗ್ಗಗಳು ಆ ಪಟ್ಟಿಯಲ್ಲಿಲ್ಲ.

ಈ ಎಳೆಗಳು ಹಕ್ಕಿಯ ಕಣ್ಣಿಗೆ ಕಸವಾಗಿ ಕಾಣುವುದಿಲ್ಲ. ಗೀಜಗನ ಗಂಡು ಭತ್ತದ ಗರಿ, ಹುಲ್ಲು, ತೆಂಗಿನ ಗರಿಗಳಿಂದ ಉದ್ದನೆಯ ಸೀಳುಗಳನ್ನು ಹರಿದು ತಂದು ಗೂಡು ನೇಯುತ್ತದೆ. ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಬಳಿಕವೇ ಗಂಡು ಅದನ್ನು ಪೂರ್ಣಗೊಳಿಸುವುದೆಂಬುದನ್ನು ಪಕ್ಷಿತಜ್ಞ ಸಲೀಂ ಅಲಿ 1931ರಷ್ಟು ಹಿಂದೆಯೇ ವಿವರಿಸಿದ್ದರು. ಸಿಂಪಿಗ ಎಲೆಯ ಅಂಚುಗಳನ್ನು ಹತ್ತಿಯ ಎಳೆಯಿಂದಲೋ ಜೇಡರ ನೂಲಿನಿಂದಲೋ ಹೊಲಿಯುತ್ತದೆ. ಸೂರಕ್ಕಿ ಜೇಡರ ಬಲೆಯಿಂದಲೇ ತನ್ನ ತೂಗುಗೂಡನ್ನು ಬಿಗಿಯುತ್ತದೆ. ಇವೆಲ್ಲ ಎಳೆಯನ್ನು ಆರಿಸುವುದು ಅದರ ಉದ್ದ, ತೆಳುವು, ಬಾಗುವ ಗುಣಗಳನ್ನು ನೋಡಿ. ಅದು ಹುಲ್ಲೋ ಪ್ಲಾಸ್ಟಿಕ್ಕೋ ಎಂದು ಅಳೆಯುವ ವಿದ್ಯೆ ಅವುಗಳಿಗಿಲ್ಲ.

ಹುಲ್ಲಿನ ಎಳೆ ಎಳೆದರೆ ತುಂಡಾಗುತ್ತದೆ, ನೆನೆದರೆ ಕೊಳೆಯುತ್ತದೆ. ನೈಲಾನ್ ಎಳೆಯಾಗಲಿ ಮನುಷ್ಯರ ಉದ್ದ ಕೂದಲಾಗಲಿ ಹಾಗಲ್ಲ. ಮರಿಯ ಕಾಲಿಗೆ ಸುತ್ತಿಕೊಂಡರೆ, ಮರಿ ಬೆಳೆದಂತೆಲ್ಲ ಅದು ಬಿಗಿಯುತ್ತದೆ. ರಕ್ತಸಂಚಾರ ನಿಂತು ಕಾಲು ಒಣಗುವುದೂ ಉಂಟು, ಗೂಡು ಬಿಟ್ಟು ಹಾರಲಾಗದೆ ಮರಿ ಅಲ್ಲಿಯೇ ನೇತಾಡಿ ಸಾಯುವುದೂ ಉಂಟು. ಪ್ಲಾಸ್ಟಿಕ್ ಹಾಳೆ ಸೇರಿದ ಗೂಡಿನಲ್ಲಿ ಮಳೆಯ ನೀರು ಬಸಿಯುವುದಿಲ್ಲ. ಮರಿಗಳು ತಂಡಿಗೆ ಸಿಲುಕುತ್ತವೆ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಣಿಗಳ ರೋಮ ಹಾಸಿದ್ದ 103 ಹಕ್ಕಿಗೂಡುಗಳನ್ನು ಪರೀಕ್ಷಿಸಿದರು. ಅಷ್ಟೂ ಗೂಡುಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಪತ್ತೆಯಾಯಿತು. ಸಾಕುನಾಯಿ, ಬೆಕ್ಕುಗಳ ಚಿಗಟ ನಿವಾರಣೆಗೆ ಹಚ್ಚುವ ಔಷಧವದು. ವಿಷದ ಪ್ರಮಾಣ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆಗಳೂ ಸತ್ತ ಮರಿಗಳೂ ಹೆಚ್ಚಿದ್ದವು. ಈ ಸೀಮೆಯಲ್ಲೂ ಉಣ್ಣೆ ನಿವಾರಣೆಗೆಂದು ದನಕರುಗಳಿಗೆ, ಕುರಿಗಳಿಗೆ ಔಷಧ ಸಿಂಪಡಿಸುವುದುಂಟು. ಹಾಗೆ ಸಿಂಪಡಿಸಿದ ಮೈಯ ರೋಮವನ್ನು ಹಕ್ಕಿಗೆ ಕೊಡುವುದು ಉಪಕಾರವಲ್ಲ.

ಹಕ್ಕಿಗಳು ಮನುಷ್ಯರ ಕಸಕ್ಕೆ ಹೊಂದಿಕೊಳ್ಳಬಲ್ಲವಲ್ಲ ಎಂದು ಕೆಲವರು ವಾದಿಸಬಹುದು. ಮೆಕ್ಸಿಕೊ ನಗರದ ಗುಬ್ಬಚ್ಚಿಗಳು ಸಿಗರೇಟಿನ ತುದಿಗಳ ನಾರನ್ನು ಗೂಡಿಗೆ ಬಳಸುತ್ತವೆ, ಅಂಥ ಗೂಡುಗಳಲ್ಲಿ ಹೇನು-ನುಸಿಗಳ ಕಾಟ ಕಡಿಮೆ ಎಂದು 2012ರಲ್ಲಿ ವರದಿಯಾಗಿತ್ತು. ಆದರೆ ಅದೇ ನಗರದಲ್ಲಿ ನಡೆದ ಮುಂದಿನ ಅಧ್ಯಯನಗಳು, ಆ ನಾರಿನಿಂದ ಹಕ್ಕಿಗಳ ರಕ್ತಕಣಗಳಲ್ಲಿ ವಂಶವಾಹಿಗಳಿಗೆ ಹಾನಿಯಾಗುತ್ತಿರುವುದನ್ನೂ ತೋರಿಸಿದವು. ಹೊಂದಿಕೊಳ್ಳುವುದಕ್ಕೂ ಬೆಲೆ ತೆರಬೇಕಾಗುತ್ತದೆ, ಮತ್ತು ಆ ಬೆಲೆಯನ್ನು ತೆರುವುದು ಕಸ ಎಸೆದವರಲ್ಲ.

ಹಾಗಾದರೆ ಏನನ್ನೂ ಕೊಡಬಾರದೆ? ಕೊಡಬಹುದು. ತೆಂಗಿನ ನಾಡಿನಲ್ಲಿ ಕೊಡುವುದಕ್ಕೆ ಕೊರತೆಯಿಲ್ಲ. ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯಿಯನ್ನು ಸುಲಿದಾಗ ಉಳಿಯುವ ಒಣ ನಾರು, ಬಣ್ಣ ಹಾಕದ ಹತ್ತಿ, ಒಣಹುಲ್ಲು, ಕೋಳಿಯ ಪುಕ್ಕ, ಬಾಳೆಯ ಒಣ ನಾರು ಇವೆಲ್ಲ ಸಲ್ಲುತ್ತವೆ. ಹತ್ತಿಯ ದಾರವನ್ನೇ ಕೊಡುವುದಾದರೆ ಮೂರು ಅಂಗುಲಕ್ಕಿಂತ ಉದ್ದವಿರದಂತೆ ಕತ್ತರಿಸಬೇಕು. ನೈಲಾನ್, ಪಾಲಿಯೆಸ್ಟರ್, ಚೀಲದ ಎಳೆ, ಮೀನಿನ ಗಾಳದ ದಾರ, ತಲೆಗೂದಲು, ಔಷಧ ಸೋಂಕಿದ ರೋಮ ಇವು ಬೇಡ. ಕೊಡುವುದಕ್ಕಿಂತಲೂ ಮುಖ್ಯವಾದುದು ಹೆಕ್ಕುವುದು: ಬೇಲಿಗೆ ತಗುಲಿದ ಚೀಲದ ಎಳೆಗಳನ್ನು ಮುಂಗಾರಿಗೆ ಮೊದಲೇ ಬಿಡಿಸಿ ತೆಗೆದರೆ, ಮಳೆಗಾಲದಲ್ಲಿ ಗೂಡು ಕಟ್ಟುವ ಗೀಜಗನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಶಾಲೆಯ ಪರಿಸರ ಸಂಘಗಳು ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸವಿದು.

ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ಹಕ್ಕಿಗಳಿಗೆ ಇಂದು ನಿಜವಾಗಿ ಕೊರತೆಯಾಗಿರುವುದು ದಾರದ ಚೂರಲ್ಲ. ಹೆಂಚಿನ ಮಾಡು ಹೋಗಿ ತಾರಸಿ ಬಂದಲ್ಲಿ ಗುಬ್ಬಚ್ಚಿಗೆ ಸಂದು ಇಲ್ಲ. ಕತ್ತಾಳೆ, ಕಳ್ಳಿ, ಲಂಟಾನಗಳ ಜೀವಂತ ಬೇಲಿ ಹೋಗಿ ಮುಳ್ಳುತಂತಿ ಬಂದಲ್ಲಿ ಪಿಕಳಾರಕ್ಕೆ ಪೊದೆ ಇಲ್ಲ. ಹೊಲಕ್ಕೆ ಹೊಡೆದ ಕೀಟನಾಶಕ ಜೇಡಗಳನ್ನೂ ಕೊಂದಾಗ ಸಿಂಪಿಗ, ಸೂರಕ್ಕಿಗಳ ನೂಲೇ ಇಲ್ಲವಾಗುತ್ತದೆ. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಉಣಿಸುವುದು ಹುಳುಗಳನ್ನು. ಹುಳುವಿಲ್ಲದ ಊರಿನಲ್ಲಿ ಗೂಡಿದ್ದೂ ಫಲವಿಲ್ಲ.

ಹೊಯ್ಸಳೇಶ್ವರ ದೇಗುಲದ ಅಧಿಷ್ಠಾನದಲ್ಲಿ ಸಾಲುಸಾಲಾಗಿ ಕೆತ್ತಿದ ಹಂಸಗಳಿವೆ. 2023ರಲ್ಲಿ ಅವು ವಿಶ್ವ ಪರಂಪರೆಯ ಭಾಗವೆಂಬ ಮನ್ನಣೆ ಪಡೆದವು. ಅವುಗಳ ರಕ್ಷಣೆಗೆ ಇಲಾಖೆಯಿದೆ, ಕಾಯಿದೆಯಿದೆ. ದ್ವಾರಸಮುದ್ರದ ಕೆರೆಯಂಚಿನ ಜಾಲಿಯಲ್ಲಿ ತೂಗುವ ಗೀಜಗನ ಗೂಡಿಗೆ ನಿಜವಾದ ಕಾವಲು ಊರಿನವರ ತಿಳಿವಳಿಕೆಯೇ. ಹಿತ್ತಲಿನಲ್ಲಿ ಒಂದು ಹಿಡಿ ತೆಂಗಿನ ನಾರನ್ನಿಡುವ ಮನೆ, ಅದರ ಜೊತೆಗೆ ಹತ್ತು ಮಾರು ಹಸಿರು ಬೇಲಿಯನ್ನೂ ಉಳಿಸಿಕೊಳ್ಳಲಿ. ಬೇಲಿಯಿದ್ದರೆ ನಾರನ್ನು ಹಕ್ಕಿಯೇ ಹುಡುಕಿಕೊಳ್ಳುತ್ತದೆ.