ಕೋಟೆಯೊಳಗಣ ಒಗಟು: ಶ್ರೀರಂಗಪಟ್ಟಣ ಮತ್ತು ಮಕ್ಕಳ ಇತಿಹಾಸಪಾಠ

ಶ್ರೀರಂಗಪಟ್ಟಣಕ್ಕೆ ಶೈಕ್ಷಣಿಕ ಪ್ರವಾಸವೆಂದು ಬರುವ ಶಾಲಾಮಕ್ಕಳ ದಿನ ಬಹುತೇಕ ಒಂದೇ ಬಗೆಯಲ್ಲಿ ಕಳೆದುಹೋಗುತ್ತದೆ. ಬಸ್ಸು ರಂಗನಾಥಸ್ವಾಮಿ ದೇವಾಲಯದ ಬಳಿ ನಿಲ್ಲುತ್ತದೆ, ದರ್ಶನವಾಗುತ್ತದೆ. ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳದಲ್ಲಿ ಒಂದು ಗುಂಪುಚಿತ್ರ, ದರಿಯಾ ದೌಲತ್ತಿನಲ್ಲಿ ಅರ್ಧ ಗಂಟೆ, ಸಂಗಮದಲ್ಲಿ ಬುತ್ತಿ. ಸಂಜೆ ಊರಿಗೆ ಮರಳುವಾಗ ನೋಟ್‌ಬುಕ್ಕಿನಲ್ಲಿ ನಾಲ್ಕು ಇಸವಿಗಳು ಉಳಿದಿರುತ್ತವೆ. ಅವೂ ಪರೀಕ್ಷೆಯ ಮರುದಿನ ಅಳಿಸಿಹೋಗುತ್ತವೆ. ಕೋಟೆಯೊಳಗೆ ಹೋಗಿ ಬಂದರೂ ಮಗು ಕೋಟೆಯನ್ನು ಓದಿರುವುದಿಲ್ಲ.

ಇದಕ್ಕೆ ಸುಲಭವಾದ ಪರಿಹಾರವೊಂದುಂಟು. ಈಚಿನ ದಿನಗಳಲ್ಲಿ ಹಲವು ದೇಶಗಳ ಕೋಟೆಪಟ್ಟಣಗಳಲ್ಲಿ ಮಕ್ಕಳಿಗಾಗಿ ಒಗಟಿನ ನಡಿಗೆಗಳನ್ನು ರೂಪಿಸಲಾಗುತ್ತಿದೆ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ನಕ್ಷೆ ಮತ್ತು ಹತ್ತು ಸುಳುಹುಗಳ ಹಾಳೆಯನ್ನು ಕೊಡುತ್ತಾರೆ. ಒಂದು ಸುಳುಹಿನ ಉತ್ತರ ಮುಂದಿನ ಸ್ಥಳಕ್ಕೆ ದಾರಿ ತೋರುತ್ತದೆ. ಶ್ರೀರಂಗಪಟ್ಟಣದಂತಹ ಊರಿಗೆ ಈ ಕ್ರಮ ಬಹಳ ಚೆನ್ನಾಗಿ ಹೊಂದುತ್ತದೆ. ಕಾವೇರಿಯ ಎರಡು ಕವಲುಗಳ ನಡುವೆ, ಗೋಡೆಯೊಳಗೆ ಅಡಕವಾದ ಈ ಊರನ್ನು ಮಕ್ಕಳು ಕಾಲ್ನಡಿಗೆಯಲ್ಲೇ ಸುತ್ತಬಹುದು. ದೇವಾಲಯ, ಮಸೀದಿ, ಬಸದಿ, ಸೆರೆಮನೆ, ಕಂದಕ, ಬಾಗಿಲುಗಳು ಎಲ್ಲವೂ ಒಂದೇ ಆವರಣದಲ್ಲಿವೆ.

ಒಗಟಿನಿಂದ ಕಲಿಸುವುದು ನಮ್ಮ ಪರಂಪರೆಗೆ ಹೊಸತೇನೂ ಅಲ್ಲ. ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಶುಷ್ಕವಾದ ಸೂತ್ರಗಳಿಗೆ ಆನೆಯ ಹಿಂಡು, ಮಾವಿನ ಹಣ್ಣುಗಳ ವೇಷ ತೊಡಿಸಿ ಶಿಷ್ಯರ ಮುಂದಿಟ್ಟನು. ಜೈನ ಪುರಾಣಗಳು ತೆರೆದುಕೊಳ್ಳುವುದೇ ಶ್ರೇಣಿಕ ಮಹಾರಾಜನು ಗೌತಮ ಗಣಧರರಲ್ಲಿ ಕೇಳುವ ಪ್ರಶ್ನೆಯಿಂದ. ಹಳ್ಳಿಯ ಜಗಲಿಗಳ ಮೇಲೆ ಅಜ್ಜಿಯರು ಒಡ್ಡುತ್ತಿದ್ದ ಒಗಟುಗಳಂತೂ ಕನ್ನಡದ ಮಕ್ಕಳಿಗೆ ಮೊದಲ ಪಾಠಶಾಲೆಯಾಗಿದ್ದವು. ಉತ್ತರ ಹೇಳುವುದಕ್ಕೆ ಮುನ್ನ ಪ್ರಶ್ನೆಯನ್ನು ಮನಸ್ಸಿನಲ್ಲಿ ಊರಿಸುವುದು ಈ ಎಲ್ಲ ಕ್ರಮಗಳ ಸಾರ.

ಆದರೆ ಒಗಟು ಒಗಟಾಗಿಯೇ ಇರಬೇಕು. ಕೋಟೆ ಬಿದ್ದ ಇಸವಿ ಯಾವುದೆಂದು ಕೇಳಿದರೆ ಮಗು ಮೊಬೈಲಿನಲ್ಲಿ ಹುಡುಕಿ 1799 ಎಂದು ಬರೆದು ಮುಂದೆ ಓಡುತ್ತದೆ. ಆ ಉತ್ತರಕ್ಕೆ ಶ್ರೀರಂಗಪಟ್ಟಣಕ್ಕೆ ಬರುವ ಅಗತ್ಯವೇ ಇರಲಿಲ್ಲ. ಒಳ್ಳೆಯ ಸುಳುಹಿನ ಉತ್ತರ ಕಲ್ಲಿನಲ್ಲಿರಬೇಕು, ಅದನ್ನು ಕಾಣಲು ಕಣ್ಣು ಮತ್ತು ಕಾಲು ಎರಡೂ ದುಡಿಯಬೇಕು. ಜಾಮಿಯಾ ಮಸೀದಿಯ ಮಿನಾರುಗಳಲ್ಲಿ ಸಾಲುಸಾಲಾಗಿರುವ ಗೂಡುಗಳು ಯಾರ ಮನೆ ಎಂದು ಕೇಳಬಹುದು. ಮಗು ತಲೆಯೆತ್ತಿ ಪಾರಿವಾಳಗಳನ್ನು ಕಾಣುವಾಗ ಮಿನಾರಿನ ರಚನೆಯನ್ನೂ ಕಾಣುತ್ತದೆ. ದರಿಯಾ ದೌಲತ್ತಿನ ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕುಳಿತ ಆಂಗ್ಲ ಅಧಿಕಾರಿ ಕೋಟೆಯೊಳಗೆ ಎಲ್ಲಿ ಉಳಿದನೆಂದು ಕೇಳಬಹುದು. ಆತ ಕರ್ನಲ್ ಬೇಲಿ. 1780ರಲ್ಲಿ ಸೆರೆಸಿಕ್ಕು, 1782ರಲ್ಲಿ ಸೆರೆಯಲ್ಲಿಯೇ ತೀರಿಕೊಂಡವನು. ಅವನ ಹೆಸರಿನ ನೆಲಮಾಳಿಗೆಯ ಗೋಡೆಯಲ್ಲಿ ಕೈದಿಗಳನ್ನು ಬಿಗಿಯುತ್ತಿದ್ದ ತೂತುಗಲ್ಲುಗಳು ಇಂದಿಗೂ ಇವೆ. ಚಿತ್ರದ ವಿಜಯಕ್ಕೂ ನೆಲಮಾಳಿಗೆಯ ಕತ್ತಲೆಗೂ ಇರುವ ನಂಟನ್ನು ಮಗು ತಾನೇ ನಡೆದು ಕಂಡುಕೊಳ್ಳುತ್ತದೆ.

ನಗಿಸುವ ಒಗಟೂ ಬೇಕು. ಇನ್ನೂರಕ್ಕೂ ಹೆಚ್ಚು ವರ್ಷ ನಿಂತಲ್ಲೇ ನಿಂತಿದ್ದು, ಅನಂತರ ಎದ್ದು ನಡೆದ ಕಟ್ಟಡ ಯಾವುದು? ರೈಲ್ವೆ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಕಟ್ಟಡವನ್ನು ಕೆಡವದೆ ಹಳಿ ಹಾಸಬಹುದೆಂಬ ಪಾಠ ಆ ಒಗಟಿನೊಳಗೇ ಇದೆ.

ಕಲ್ಲಿನಲ್ಲಿಲ್ಲದ ಇತಿಹಾಸಕ್ಕೂ ಒಂದೆರಡು ಸುಳುಹುಗಳು ಮೀಸಲಾಗಬೇಕು. ಯಳಂದೂರಿನಿಂದ ಈ ಕೋಟೆಗೆ ಬಂದ ಇಬ್ಬರಲ್ಲಿ ಒಬ್ಬರು ರಾಜ್ಯವನ್ನು ನಡೆಸಿದರು, ಇನ್ನೊಬ್ಬರು ಅಡಕೆ ಎಲೆಯ ಚೀಲ ಹಿಡಿದರು. ಆದರೆ ಇಂದು ನಾಡು ಹೆಚ್ಚು ನೆನೆಯುವುದು ಚೀಲ ಹಿಡಿದವರನ್ನು. ಅವರು ಯಾರು? ಮೊದಲನೆಯವನು ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿದ್ದ ಜೈನ ವಿಶಾಲಾಕ್ಷ ಪಂಡಿತ. ಎರಡನೆಯವಳು ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ರಚಿಸಿದ ಸಂಚಿಯ ಹೊನ್ನಮ್ಮ. ‘ಸಂಚಿ’ ಎಂಬ ಒಂದು ಪದದ ಅರ್ಥ ಬಿಡಿಸಿದ ಮಗುವಿಗೆ ಅರಮನೆಯ ಊಳಿಗದವಳೊಬ್ಬಳು ಕವಿಯಾದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇಷ್ಟರವರೆಗೆ ಯಾರ ಆಕ್ಷೇಪವೂ ಇರಲಾರದು. ನಿಜವಾದ ಪರೀಕ್ಷೆ ಎದುರಾಗುವುದು ನೋವಿನ ಕಲ್ಲುಗಳ ಮುಂದೆ. ಕ್ರಿ.ಶ. 1454ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದ ಹೆಬ್ಬಾರನು ಕಲಸವಾಡಿಯ 101 ಜೈನ ಬಸದಿಗಳನ್ನು ಕೆಡವಿ, ಆ ಸಾಮಗ್ರಿಯಿಂದ ರಂಗನಾಥ ದೇವಾಲಯವನ್ನು ವಿಸ್ತರಿಸಿದನೆಂಬ ಐತಿಹ್ಯವನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಇದನ್ನು ಮಕ್ಕಳಿಂದ ಮರೆಮಾಡಬೇಕೆಂಬುದು ಒಂದು ವಾದ. ಇದನ್ನೇ ಬಾಯಿಪಾಠ ಮಾಡಿಸಬೇಕೆಂಬುದು ಇನ್ನೊಂದು. ಎರಡೂ ಮಗುವಿನ ವಿವೇಕವನ್ನು ನಂಬುವುದಿಲ್ಲ. ಮರೆಮಾಡಿದ ಸಂಗತಿ ಮುಂದೊಂದು ದಿನ ವಿಷವಾಗಿ ಬೇರೆ ಯಾರದೋ ಬಾಯಿಂದ ತಲುಪುತ್ತದೆ. ಬಾಯಿಪಾಠವಾದ ದ್ವೇಷ ವಿಚಾರದ ಬಾಗಿಲನ್ನೇ ಮುಚ್ಚುತ್ತದೆ. ಒಗಟಿನ ಕ್ರಮ ಮೂರನೆಯ ದಾರಿಯನ್ನು ತೋರುತ್ತದೆ. ಮಕ್ಕಳ ಮುಂದೆ ಹಲವು ಹೇಳಿಕೆಗಳನ್ನಿಟ್ಟು, ಶಾಸನದ ಮಾತು ಯಾವುದು, ಐತಿಹ್ಯ ಯಾವುದು, ಊಹೆ ಯಾವುದು ಎಂದು ವಿಂಗಡಿಸಲು ಹೇಳಬೇಕು. ನೂರೊಂದು ಎಂಬ ಸಂಖ್ಯೆಯೇ ಎಣಿಕೆಯದೋ, ‘ಬಹಳ’ ಎಂಬುದನ್ನು ಹೇಳುವ ರೂಢಿಯದೋ ಎಂದು ಕೇಳಬೇಕು. ಹಾಗೆ ಕೇಳಿಸಿಕೊಂಡ ಮಗು ಅನ್ಯಾಯ ನಡೆದಿರಬಹುದೆಂಬುದನ್ನು ಅಲ್ಲಗಳೆಯುವುದಿಲ್ಲ, ಸಾಕ್ಷ್ಯಕ್ಕಿಂತ ಹೆಚ್ಚು ಹೇಳುವುದೂ ಇಲ್ಲ. ಅನೇಕಾಂತವೆಂದು ಜೈನದರ್ಶನ ಹೇಳುವ ದೃಷ್ಟಿಗೆ ಇದಕ್ಕಿಂತ ಸರಳವಾದ ಅಭ್ಯಾಸವಿಲ್ಲ. ಇದೇ ಕೋಟೆಯೊಳಗೆ ಆದಿನಾಥ ಬಸದಿಯೂ ಇದೆಯೆಂಬುದನ್ನು ಅದೇ ಮಗು ಅದೇ ದಿನ ನೋಡಬೇಕು. ಬಹುಪಾಲು ಪ್ರವಾಸಿ ಬಸ್ಸುಗಳು ಆ ಬೀದಿಯತ್ತ ತಿರುಗುವುದೇ ಇಲ್ಲ.

ಕೋಟೆಯ ಗೋಡೆಯನ್ನು ಒಡೆದ ಭಾಗದ ಬಳಿ ನಿಂತಿರುವ ಸ್ಮಾರಕಸ್ತಂಭದ ಮುಂದೆಯೂ ಇಂಥದೇ ಪ್ರಶ್ನೆ ಹುಟ್ಟುತ್ತದೆ. 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಆ ಸ್ತಂಭ ಮುತ್ತಿಗೆ ಹಾಕಿದ ಪಡೆಯಲ್ಲಿ ಮಡಿದವರನ್ನು ಸ್ಮರಿಸುತ್ತದೆ. ಇಲ್ಲಿ ಮಡಿದ ಯಾರ ಹೆಸರು ಇಲ್ಲಿಲ್ಲ ಎಂಬುದಷ್ಟೇ ಸುಳುಹು. ಕೋಟೆಯನ್ನು ಕಾಯುತ್ತ ಸತ್ತ ಕನ್ನಡ ನಾಡಿನ ಕಾಲಾಳುಗಳು ಯಾವ ಪಟ್ಟಿಯಲ್ಲೂ ಇಲ್ಲವೆಂಬುದನ್ನು ಹತ್ತು ವರ್ಷದ ಮಗು ಕಂಡುಹಿಡಿದರೆ, ಅದು ಇತಿಹಾಸಕಾರನ ಮೊದಲ ಪಾಠವನ್ನು ಕಲಿತಂತೆಯೇ.

ಸಾವಿನ ನೆಲದಲ್ಲಿ ಆಟವೇ ಎಂದು ಕೆಲವರು ಕೇಳಬಹುದು. ಆ ಸಂಕೋಚ ಗೌರವಕ್ಕೆ ಅರ್ಹವಾದುದು. ಅದರಿಂದ ಕೆಲವು ನಿಯಮಗಳೂ ಹುಟ್ಟಬೇಕು. ಮೊದಲು ಮುಗಿಸಿದವರಿಗೆ ಬಹುಮಾನ ಬೇಡ, ಓಟ ನೋಟವನ್ನು ಕೆಡಿಸುತ್ತದೆ. ಪೂಜೆ, ನಮಾಜು ನಡೆಯುವ ಸ್ಥಳಗಳ ಸುಳುಹುಗಳು ಹೊರಗಿನಿಂದಲೇ ಬಿಡಿಸುವಂತಿರಲಿ. ಯಾವ ಗೋಡೆಯ ಮೇಲೂ ಚೀಟಿ ಅಂಟಿಸಬಾರದು, ಯಾವ ಕಲ್ಲನ್ನೂ ಕದಲಿಸಬಾರದು. ಕೋಟೆಯ ಮಗ್ಗುಲಲ್ಲೇ ಹೊಳೆ ಹರಿಯುವುದರಿಂದ ಪ್ರತಿ ಗುಂಪಿನೊಡನೆ ಹಿರಿಯರೊಬ್ಬರು ಇರಲೇಬೇಕು. ಆದರೆ ಉತ್ತರ ಅವರ ಬಾಯಿಂದ ಬರಬಾರದು.

ಇದಕ್ಕೆ ದೊಡ್ಡ ಯೋಜನೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಊರನ್ನು ಒಮ್ಮೆ ತಾವೇ ನಡೆದು ನೋಡಿದ ಇಬ್ಬರು ಅಧ್ಯಾಪಕರು, ಒಂದು ನಕ್ಷೆ, ಹತ್ತು ಪ್ರಶ್ನೆ ಸಾಕು. ಹತ್ತನೆಯದನ್ನು ಖಾಲಿ ಬಿಡಬೇಕು. ದಿನವೆಲ್ಲ ನಡೆದ ಮಕ್ಕಳು ತಾವು ಕಂಡದ್ದರಿಂದ ಒಂದು ಹೊಸ ಒಗಟನ್ನು ಕಟ್ಟಿ, ಮುಂದಿನ ವರ್ಷ ಬರುವವರಿಗೆಂದು ಅಲ್ಲಿ ಬರೆದಿಡಲಿ. ಮಗು ಕೋಟೆಯನ್ನು ಎಷ್ಟು ಓದಿತೆಂಬುದು ಅದರ ಉತ್ತರಗಳಿಗಿಂತ ಆ ಒಂದು ಪ್ರಶ್ನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.