ಹಸಿರಾಗಿ ಹೊಳೆದದ್ದೆಲ್ಲ ನಿಜವಲ್ಲ

ಜೀವಕೋಶಕ್ಕೂ ಒಂದು ಅಸ್ಥಿಪಂಜರವಿದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಅದು ಮೂಳೆಯ ಹಾಗೆ ಗಟ್ಟಿಯಾಗಿ ನಿಂತದ್ದಲ್ಲ. ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಒಂದು ತುದಿಯಲ್ಲಿ ಬೆಳೆಯುತ್ತ, ಇನ್ನೊಂದು ತುದಿಯಲ್ಲಿ ಕಳಚುತ್ತ ಇರುತ್ತವೆ. ಕೋಶ ಚಲಿಸುವುದಕ್ಕೂ ಎರಡಾಗಿ ಒಡೆಯುವುದಕ್ಕೂ ಈ ಕಟ್ಟುವ, ಕೆಡಹುವ ಕೆಲಸ ಬೇಕೇ ಬೇಕು.

ಇದನ್ನು ಜೀವಂತ ಕೋಶದಲ್ಲಿ ನೋಡಲು ನಾವು ಜೀನ್‌ಗಳ ಮೊರೆ ಹೋಗುತ್ತೇವೆ. 2008ರಲ್ಲಿ ಲೈಫ್‌ಆ್ಯಕ್ಟ್ ಎಂಬ ಸಾಧನ ಬಂತು. ಯೀಸ್ಟಿನ ಒಂದು ಪ್ರೋಟೀನಿನಿಂದ ತೆಗೆದುಕೊಂಡ, ಆ್ಯಕ್ಟಿನ್‌ಗೆ ಅಂಟಿಕೊಳ್ಳುವ ಬರೀ 17 ಅಮೈನೋ ಆಮ್ಲಗಳ ತುಣುಕು ಅದು. ಅದಕ್ಕೆ ಜೆಲ್ಲಿಮೀನಿನ ಹಸಿರು ಪ್ರೋಟೀನನ್ನು ಜೋಡಿಸಿ, ಆ ಜೀನನ್ನು ಕೋಶದೊಳಗೆ ಸೇರಿಸಿದರೆ ಎಳೆಗಳು ಹೊಳೆಯುತ್ತವೆ. ಅದೇ ವರ್ಷ ಆ ಹಸಿರು ಪ್ರೋಟೀನಿನ ಕೆಲಸಕ್ಕೆ ನೊಬೆಲ್ ಕೂಡ ಬಂತು. ನಾವೆಲ್ಲ ಹಸಿರಿಗೆ ಮರುಳಾದೆವು.

ನಾನೂ ಮರುಳಾದವಳೇ. ಸಂಶೋಧನೆಯ ಎರಡನೇ ವರ್ಷ ಹಣ್ಣುನೊಣದ ಅಂಡಾಶಯದಲ್ಲಿ ಲೈಫ್‌ಆ್ಯಕ್ಟನ್ನು ಧಾರಾಳವಾಗಿ ತುಂಬಿದೆ. ಚಿತ್ರಗಳು ಸೊಗಸಾಗಿ ಬಂದವು. ಒಂದು ಸಮ್ಮೇಳನದಲ್ಲಿ ಪೋಸ್ಟರ್ ಬಹುಮಾನವೂ ಸಿಕ್ಕಿತು. ಆ ನೊಣಗಳು ಮೊಟ್ಟೆ ಇಡುವುದು ಕಡಿಮೆಯಾಗಿತ್ತು. ಆಹಾರ ಕೆಟ್ಟಿರಬೇಕು ಎಂದುಕೊಂಡು ಬಾಟಲಿ ಬದಲಿಸಿದೆ. ಆರು ತಿಂಗಳ ನಂತರ, ಯಾವ ಜೀನನ್ನೂ ಸೇರಿಸದ ನೊಣದ ಅಂಡಾಶಯಕ್ಕೆ ಫ್ಯಾಲಾಯ್ಡಿನ್ ಬಣ್ಣ ಹಾಕಿ ನೋಡಿದರೆ, ಬಹುಮಾನ ತಂದುಕೊಟ್ಟ ದಪ್ಪ ಕಂತೆಗಳು ಅಲ್ಲಿರಲೇ ಇಲ್ಲ. ಅವುಗಳನ್ನು ಕಟ್ಟಿದವಳು ನಾನು.

ಇದು ನನ್ನೊಬ್ಬಳ ಎಡವಟ್ಟಾಗಿದ್ದರೆ ಬರೆಯುತ್ತಿರಲಿಲ್ಲ. ಲೈಫ್‌ಆ್ಯಕ್ಟ್ ಮಿತಿಮೀರಿದರೆ ಎಳೆಗಳನ್ನು ತುಂಡರಿಸುವ ಕೋಫಿಲಿನ್‌ಗೆ ಅಡ್ಡಿಯಾಗುತ್ತದೆ, ನೊಣಗಳು ಬಂಜೆಯೂ ಆಗಬಹುದು ಎಂಬುದು ಪ್ರಕಟವಾಗಿ ವರ್ಷಗಳೇ ಆಗಿವೆ. ಆದರೂ ಸೆಮಿನಾರುಗಳಲ್ಲಿ ಹೊಳೆಯುವ ಚಿತ್ರ ಬಂದ ಕೂಡಲೇ ಪ್ರಶ್ನೆಗಳು ನಿಂತುಹೋಗುತ್ತವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡಿನವರು ನಾವು! ಸಾಹಿತ್ಯದ ಗೆಳೆಯರು ಕಥೆಯ ನಿರೂಪಕನನ್ನೂ ಅನುಮಾನಿಸಿ ಓದುತ್ತಾರೆ. ಪ್ರಯೋಗಾಲಯದ ನಮಗೆ ಅಷ್ಟೂ ಬೇಡವೇ?

‘ಯಾವ ಸಾಧನ ತಾನೇ ಅಡ್ಡಿ ಮಾಡುವುದಿಲ್ಲಮ್ಮ?’ ಎಂದು ಹಿರಿಯರು ಕೇಳುತ್ತಾರೆ. ಒಪ್ಪಿದೆ. ಹಾಗಾದರೆ ಆ ಅಡ್ಡಿಯನ್ನು ಅಳೆದು ತೋರಿಸೋಣ. ಜೀನನ್ನು ಹದವಾಗಿ ಬಳಸೋಣ. ಇನ್ನೊಂದು ಬಗೆಯ ಗುರುತು ಹಾಕಿದರೂ ಅದೇ ಕಾಣುತ್ತದೆಯೇ ಪರೀಕ್ಷಿಸೋಣ. ಜೀನ್ ಸೇರಿಸದ ಕೋಶದ ಚಿತ್ರವನ್ನು ಪಕ್ಕದಲ್ಲೇ ಅಚ್ಚು ಹಾಕೋಣ. ಇಷ್ಟು ಮಾಡದ ಪ್ರಬಂಧವನ್ನು ಹಿಂದಕ್ಕೆ ಕಳಿಸೋಣ.

ನನ್ನ ಪೋಸ್ಟರ್ ಇನ್ನೂ ಗೋಡೆಯ ಮೇಲಿದೆ. ಪಕ್ಕದಲ್ಲಿ ಆ ಸಾದಾ ನೊಣದ ಚಿತ್ರವನ್ನೂ ಅಂಟಿಸಿದ್ದೇನೆ. ಬಂದವರು ಈಗಲೂ ಮೊದಲು ಹೊಗಳುವುದು ಪೋಸ್ಟರನ್ನೇ.